ಪದ ಪರಿಚಯ: ಚಿಂಪಾಂಜಿ ಸ್ಯಾಂಕ್ಚುಯರಿ

ಸ್ಯಾಂಕ್ಚುಯರಿ ಅಂದ ಕೂಡಲೇ ನಮಗೆ ನೆನಪಾಗುವುದು ರಂಗನತಿಟ್ಟು, ದಾಂಡೇಲಿ. ಪ್ರಾಣಿ ಪಕ್ಷಿಗಳು ತಮ್ಮ ಪಾಡಿಗೆ ತಾವಿರುವ ಜಾಗ. ಪಕ್ಷಿಧಾಮ, ಅಭಯಾರಣ್ಯ ಅಂತ ಕನ್ನಡದ ಪದಗಳೂ ಇವೆ. ಆದರೆ ಅಮೆರಿಕದ ಲ್ಯಾಬುಗಳಿಂದ ಬಿಡುಗಡೆಯಾದ ಚಿಂಪಾಂಜಿಗಳು ಸ್ಯಾಂಕ್ಚುಯರಿ ಸೇರಿದವು ಎಂಬ ಸುದ್ದಿಯಲ್ಲಿ 'ಅಭಯಾರಣ್ಯ' ಎಂದು ಬರೆದರೆ ಎಡವಟ್ಟಾಗುತ್ತದೆ. ಅಭಯ ಸರಿ, ಅರಣ್ಯ ಎಲ್ಲಿದೆ?

ಇದು ಬೇಲಿ ಹಾಕಿದ ಮನೆ. ಊಟ ಕೊಡುವವರು, ಡಾಕ್ಟರು, ರಾತ್ರಿ ಹಾಸಿಕೊಳ್ಳಲು ಕಂಬಳಿ ಎಲ್ಲಾ ಇರುತ್ತದೆ. ಪ್ರಯೋಗ ಇಲ್ಲ, ಮಾರಾಟ ಇಲ್ಲ, ಮರಿ ಮಾಡಿಸುವುದೂ ಇಲ್ಲ. ಸಾಯುವವರೆಗೂ ಅಲ್ಲೇ. ಹಿಂದೆ ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳನ್ನು ಬನ್ನೇರುಘಟ್ಟದಲ್ಲಿ ಇಟ್ಟು ಸಾಕುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ನನ್ನನ್ನು ಕೇಳಿದರೆ 'ಆಸರೆ ಮನೆ' ಅನ್ನುವುದೇ ವಾಸಿ.

ಸುಮ್ನೆ ಕಾಡಿಗೆ ಬಿಡಬಾರದಾ? ಆಗುವುದಿಲ್ಲ. ಇವುಗಳಲ್ಲಿ ಬಹಳಷ್ಟು ಹುಟ್ಟಿದ್ದೇ ಪಂಜರದಲ್ಲಿ. ಯಾವ ಹಣ್ಣು ತಿನ್ನಬೇಕು, ಯಾರಿಗೆ ಹೆದರಬೇಕು ಅಂತ ಕಲಿಸಲು ಕಾಡಿನ ತಾಯಿ ಇರಲಿಲ್ಲ. ಕೆಲವಕ್ಕೆ ಪ್ರಯೋಗಕ್ಕೆಂದೇ ಹೆಪಟೈಟಿಸ್, ಎಚ್‌ಐವಿ ಸೋಂಕು ಹತ್ತಿಸಿದ್ದರು. ಅಂಥವನ್ನು ಆಫ್ರಿಕಾದ ಕಾಡಿಗೆ ಬಿಟ್ಟರೆ ಅಲ್ಲಿನವುಗಳಿಗೂ ಅಪಾಯ.

ಕಾನೂನಿನ ಕಥೆ ಚಿಕ್ಕದು. ಸರ್ಕಾರಿ ಸಂಶೋಧನೆಯಿಂದ ಹೊರಬಂದ ಚಿಂಪಾಂಜಿಗಳಿಗೆ ಆಸರೆ ಕೊಡಲು ಅಮೆರಿಕ 2000ದಲ್ಲಿ ಕಾಯ್ದೆ ಮಾಡಿತು. ಅದಕ್ಕಾಗಿ ಲೂಸಿಯಾನಾದಲ್ಲಿ ಕಟ್ಟಿದ 'ಚಿಂಪ್ ಹೇವನ್'ಗೆ 2005ರಲ್ಲಿ ಮೊದಲು ಬಂದವರು ರೀಟಾ ಮತ್ತು ತೆರೇಸಾ ಎಂಬ ಚಿಂಪಾಂಜಿಗಳು. ಗಂಡುಗಳಿಗೆಲ್ಲ ಮರಿಯಾಗದಂತೆ ಆಪರೇಷನ್ ಆಗಿದ್ದರೂ 2007ರಲ್ಲಿ ತೆರೇಸಾ ಒಂದು ಮರಿ ಹಾಕಿ ಎಲ್ಲರನ್ನೂ ಬೆಸ್ತು ಬೀಳಿಸಿದಳು! 2015ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತನ್ನ ಚಿಂಪಾಂಜಿಗಳಿಗೆಲ್ಲ ನಿವೃತ್ತಿ ಘೋಷಿಸಿತು.

ಇನ್ನು ಸ್ವಾಗತ. ಲಾರಿಯಿಂದ ಇಳಿಸಿ ಹುಲ್ಲಿಗೆ ಬಿಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. ಮೊದಲು ಕೆಲವು ವಾರ ಬೇರೆಯಾಗಿ ಇಟ್ಟು ಆರೋಗ್ಯ ನೋಡುತ್ತಾರೆ. ಆಮೇಲೆ ಪರಿಚಯದ ಕೆಲಸ. ಹೊಸಬರು, ಹಳಬರು ನಡುವೆ ಜಾಲರಿ ಇಟ್ಟುಕೊಂಡು ಒಬ್ಬರನ್ನೊಬ್ಬರು ನೋಡುತ್ತಾರೆ, ಬೆರಳು ತೂರಿಸಿ ಮುಟ್ಟುತ್ತಾರೆ. ಜಗಳ ಎದ್ದರೆ ಮತ್ತೆ ಬೇರೆ. ಚಿಂಪಾಂಜಿಗಳ ಗುಂಪಿನಲ್ಲಿ ಯಾರು ದೊಡ್ಡವರು, ಯಾರು ಯಾರ ಪಕ್ಷ ಅನ್ನೋದು ನಮ್ಮ ಕೂಡುಕುಟುಂಬಕ್ಕಿಂತ ಜಾಸ್ತಿ ಗೋಜಲು.

ಬಾಗಿಲು ತೆರೆದಿಟ್ಟರೂ ಕೆಲವು ಹೊರಗೆ ಬರುವುದಿಲ್ಲ. ವನಿಲಾ ಎಂಬ ಹೆಣ್ಣು ಚಿಂಪಾಂಜಿ ಹುಟ್ಟಿದ್ದು ನ್ಯೂಯಾರ್ಕಿನ ಒಂದು ಲ್ಯಾಬಿನಲ್ಲಿ. ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ಹೋದಳು, ಅಲ್ಲೂ ಪಂಜರವೇ. ಆಮೇಲೆ ಬಂದದ್ದು ಫ್ಲೋರಿಡಾದ 'ಸೇವ್ ದಿ ಚಿಂಪ್ಸ್' ಆಸರೆ ಮನೆಗೆ. ಅಲ್ಲಿ ಸುತ್ತ ನೀರಿರುವ ದ್ವೀಪಗಳಿವೆ. ಚಿಂಪಾಂಜಿಗೆ ಈಜು ಬಾರದು, ಹಾಗಾಗಿ ನೀರೇ ಬೇಲಿ. ವನಿಲಾಳ ವಿಡಿಯೋ 2023ರಲ್ಲಿ ಎಲ್ಲೆಡೆ ಹರಿದಾಡಿತು, ನೀವೂ ನೋಡಿರಬಹುದು. ಹೊಸ್ತಿಲಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಹೊರಗೆ ಗುಂಪಿನ ಯಜಮಾನ ಡ್ವೈಟ್ ಕೈ ಚಾಚಿ ಕರೆಯುತ್ತಾನೆ. ಕೊನೆಗೆ ಹಾರಿ ಅವನನ್ನು ತಬ್ಬಿಕೊಂಡಳು. ತಲೆ ಎತ್ತಿ ನೋಡಿದರೆ ಸರಳುಗಳಿಲ್ಲದ ಆಕಾಶ. ಬಾಯಿ ತೆರೆದು ನೋಡುತ್ತಲೇ ಇದ್ದಳು. ಆಗ ಅವಳಿಗೆ ಸುಮಾರು 28 ವರ್ಷ.

ಹೊಂದಿಕೊಂಡ ಮೇಲೆ ಒಂದೊಂದರ ಖಯಾಲಿ ಹೊರಬೀಳುತ್ತದೆ. ವಾಷಿಂಗ್ಟನ್ ರಾಜ್ಯದ ಕ್ಲೀ ಎಲಮ್ ಊರಿನ ಆಸರೆ ಮನೆಗೆ 2008ರಲ್ಲಿ ಏಳು ಚಿಂಪಾಂಜಿಗಳು ಬಂದವು. ಅವುಗಳಲ್ಲಿ ಫಾಕ್ಸಿಗೆ ಕೂದಲು ನಿಮಿರಿದ ಗೊಂಬೆಗಳೆಂದರೆ ಪ್ರಾಣ, ಮಗುವಿನಂತೆ ಹೊತ್ತು ತಿರುಗುತ್ತಿದ್ದಳು. ಜೇಮಿಗೆ ಬೂಟಿನ ಹುಚ್ಚು. ನೋಡಿಕೊಳ್ಳುವವರು ಅವಳು ತೋರಿಸಿದ ಬೂಟನ್ನೇ ಹಾಕಿಕೊಳ್ಳಬೇಕು, ಬೇಲಿಯಾಚೆ ಅವಳ ಜೊತೆಗೇ ಒಂದು ಸುತ್ತು ನಡೆಯಬೇಕು. ಬೇರೆ ಬೂಟು ಹಾಕಿದರೆ ನಡೆಯುವುದಿಲ್ಲ.