ಬಾಗಿಲಿನ ತಗಡಿಗೆ ಕನ್ನಡಿ ಕೂರಿಸುವುದು: ರಿವೆಟ್ ನಟ್ ಬಗ್ಗೆ ಒಂದು ಟಿಪ್ಪಣಿ

ಕಾರಿನ ಬಾಗಿಲಿಗೆ ಹೊರಗನ್ನಡಿ ಹಾಕಬೇಕು. ಎರಡು ತೂತು ಕೊರೆದು ಎರಡು ಸ್ಕ್ರೂ ಬಿಗಿದರೆ ಮುಗೀತಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಮುಗಿಯುವುದಿಲ್ಲ. ಯಾಕೆ ಅಂತ ನೋಡೋಣ.

ಬಾಗಿಲಿನ ಹೊರತಗಡು ಸುಮಾರು 0.7ರಿಂದ 0.8 ಮಿ.ಮೀ. ದಪ್ಪ ಇರುತ್ತದೆ. ಎಂ6 (ಅಂದರೆ 6 ಮಿ.ಮೀ. ವ್ಯಾಸದ) ಬೋಲ್ಟಿನ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನ ಥ್ರೆಡ್ಡಿಗೆ ಇರುವ ದೂರ, 1 ಮಿ.ಮೀ. ತಗಡಿಗೇ ಟ್ಯಾಪ್ ಹಾಕಿದರೆ, ಅಂದರೆ ತೂತಿನೊಳಗೆ ಥ್ರೆಡ್ ಕೊರೆದರೆ, ಒಂದು ಪೂರ್ತಿ ಸುತ್ತೂ ಸಿಗುವುದಿಲ್ಲ. ಮಾಮೂಲಿ ಎಂ6 ನಟ್ಟಿನ ದಪ್ಪ ಸುಮಾರು 5 ಮಿ.ಮೀ., ಅದರಲ್ಲಿ ಐದು ಸುತ್ತು ಇರುತ್ತವೆ. ತನ್ನ ಥ್ರೆಡ್ ತಾನೇ ಕೊರೆದುಕೊಳ್ಳುವ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹಾಕಿದರೆ ಮೊದಲು ಹಿಡಿದುಕೊಳ್ಳುತ್ತದೆ, ನಿಜ. ಆದರೆ ಕನ್ನಡಿ ದಿನವಿಡೀ ಗಾಳಿಗೆ ನಡುಗುತ್ತದೆ. ತೂತು ನಿಧಾನಕ್ಕೆ ಮೊಟ್ಟೆಯಾಕಾರಕ್ಕೆ ತಿರುಗಿ ಸ್ಕ್ರೂ ಸುಮ್ನೆ ಕೈಗೆ ಬರುತ್ತದೆ.

ಹಾಗಾದರೆ ಹಿಂದಿನಿಂದ ನಟ್ ಹಾಕಬಹುದಲ್ಲ? ಒಳಗೆ ಕೈ ಹೋಗುವ ಜಾಗವಾದರೆ ಅದೇ ಒಳ್ಳೆಯದು. ದೊಡ್ಡ ವಾಷರ್ ಇಟ್ಟು ಬಿಗಿದುಬಿಡಿ, ಮುಂದೆ ಓದುವ ಅಗತ್ಯವೇ ಇಲ್ಲ. ಕೈ ಹೋಗದಿದ್ದರೆ ರಿವೆಟ್ ನಟ್ ಬೇಕು.

ಇದು ಟೋಪಿ ಇರುವ ಒಂದು ಪುಟ್ಟ ಕೊಳವೆ. ತುದಿಯ ಅರ್ಧದಲ್ಲಿ ಥ್ರೆಡ್ ಇರುತ್ತದೆ, ಟೋಪಿಯ ಕೆಳಗಿನ ಅರ್ಧ ಬರೀ ತೆಳು ಗೋಡೆ. ಹೊರಗಿನಿಂದಲೇ ತೂತಿಗೆ ತೂರಿಸಿ, ಥ್ರೆಡ್ ಇರುವ ತುದಿಯನ್ನು ನಮ್ಮ ಕಡೆಗೆ ಎಳೆದರೆ ತೆಳು ಗೋಡೆ ಮಡಚಿಕೊಂಡು ತಗಡಿನ ಹಿಂದೆ ಉಬ್ಬುತ್ತದೆ. ಮುಂದೆ ಟೋಪಿ, ಹಿಂದೆ ಉಬ್ಬು, ನಡುವೆ ತಗಡು. ಈಗ ಬೋಲ್ಟಿಗೆ ಪೂರ್ತಿ ಥ್ರೆಡ್ ಸಿಕ್ಕಿತು.

ಇಲ್ಲಿ ಎಲ್ಲವೂ ನಿಂತಿರುವುದು ತೂತಿನ ಅಳತೆಯ ಮೇಲೆ. ದುಂಡು ಮೈಯ ಎಂ5 ರಿವೆಟ್ ನಟ್ಟಿಗೆ ಸಾಮಾನ್ಯವಾಗಿ 7 ಮಿ.ಮೀ., ಎಂ6ಗೆ 9 ಮಿ.ಮೀ. ತೂತು ಬೇಕು. ಕೊಂಡ ನಟ್ಟಿನ ಮೈಯನ್ನು ಕ್ಯಾಲಿಪರ್‌ನಲ್ಲಿ ಒಮ್ಮೆ ಅಳೆದುಬಿಡಿ, ಪೊಟ್ಟಣದ ಮೇಲಿನ ಗ್ರಿಪ್ ಅಳತೆಯೊಳಗೆ (ನಟ್ ಹಿಡಿಯಬಲ್ಲ ತಗಡಿನ ದಪ್ಪ) ನಿಮ್ಮ ತಗಡಿನ ದಪ್ಪ ಬರುತ್ತದೆಯೇ ನೋಡಿ. ನನ್ನ ಮೊದಲ ಪ್ರಯತ್ನದಲ್ಲಿ 9ರ ಬಿಟ್ ಮೊಂಡಾಗಿತ್ತು ಅಂತ 9.5ರಲ್ಲಿ ಕೊರೆದೆ. ಅರ್ಧ ಮಿಲಿಮೀಟರ್ ತಾನೆ! ನಟ್ ಕೂತ ಹಾಗೆ ಕಂಡಿತು. ಬೋಲ್ಟ್ ಬಿಗಿಯುವ ಹೊತ್ತಿಗೆ ಬೋಲ್ಟಿನ ಜೊತೆ ನಟ್ಟೂ ಗಿರಗಿರ ತಿರುಗಿತು. ಬಿಗಿಯಲೂ ಆಗದು, ಬಿಚ್ಚಲೂ ಆಗದು. ಕೊನೆಗೆ ಬೋಲ್ಟಿನ ತಲೆ ಕತ್ತರಿಸಿ, ಟೋಪಿಯನ್ನು ಡ್ರಿಲ್ ಮಾಡಿ ಉಳಿದದ್ದನ್ನು ಒಳಕ್ಕೆ ಬೀಳಿಸಬೇಕಾಯಿತು. ಬಾಗಿಲೊಳಗೆ ಅದರ ಗಡಗಡ ಸದ್ದು ಕೇಳಲಾಗದೆ ಟ್ರಿಮ್ (ಬಾಗಿಲಿನ ಒಳಹೊದಿಕೆ) ಬಿಚ್ಚಿ ಹೊರತೆಗೆದೆ.

ಹೊರಮೈ ಗೀರು ಗೀರಾಗಿರುವ ನಟ್ ನುಣುಪಿನದಕ್ಕಿಂತ ಚೆನ್ನಾಗಿ ಕಚ್ಚುತ್ತದೆ. ಷಡ್ಭುಜದ ಮೈಯದ್ದು ಇನ್ನೂ ಗಟ್ಟಿ, ಆದರೆ ತೂತನ್ನೂ ಷಡ್ಭುಜವಾಗಿ ಅರದಲ್ಲಿ ತಿದ್ದಬೇಕು. ಉಕ್ಕಿನ ಬಾಗಿಲಿಗೆ ಸತು ಲೇಪದ ಉಕ್ಕಿನ ನಟ್ ಸಾಕು. ಅಲ್ಯೂಮಿನಿಯಂ ನಟ್ಟಿಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ನೀರು ತಾಗಿ ಎರಡೂ ಕಚ್ಚಿಕೊಳ್ಳುತ್ತವೆ.

ಡ್ರಿಲ್ ಹಿಡಿಯುವ ಮೊದಲು ಒಳಗೆ ಏನಿದೆ ನೋಡಲೇಬೇಕು. ಗಾಜು ಇಳಿಯುವ ದಾರಿ, ವೈರು, ಕೆಲವು ಕಾರುಗಳಲ್ಲಿ ಏರ್‌ಬ್ಯಾಗಿನ ಸೆನ್ಸರ್ ಕೂಡ ಬಾಗಿಲಲ್ಲೇ ಇರುತ್ತದೆ. ಟ್ರಿಮ್ ತೆಗೆದು, ಗಾಜನ್ನು ಇಳಿಸಿಯೂ ಏರಿಸಿಯೂ ನೋಡಿ. ನಟ್ಟಿನ ಉಬ್ಬು ಮತ್ತು ಬೋಲ್ಟಿನ ತುದಿ ಎರಡೂ ಗಾಜಿನಿಂದ ದೂರ ಇರಬೇಕು. ಬೋಲ್ಟ್ ಉದ್ದವಾದರೆ ಗಾಜಿಗೆ ಗೀರು ಗ್ಯಾರಂಟಿ.

ಕೊರೆಯುವುದು ಸುಲಭದ ಭಾಗ. ಮಾಸ್ಕಿಂಗ್ ಟೇಪ್ ಅಂಟಿಸಿ, ಗುರುತು ಹಾಕಿ, ಸೆಂಟರ್ ಪಂಚ್ ಹೊಡೆದು, 3 ಮಿ.ಮೀ. ತೂತಿನಿಂದ ಶುರು ಮಾಡಿ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಸ್ಟೆಪ್ ಡ್ರಿಲ್ ಬಿಟ್ ಬಳಸಿದರೆ ತೆಳು ತಗಡಿನಲ್ಲೂ ತೂತು ದುಂಡಗೆ ಬರುತ್ತದೆ. ಅಂಚಿನ ಮುಳ್ಳು ಕೆರೆದು ಪ್ರೈಮರ್ ಹಚ್ಚಿ ಒಣಗಲು ಬಿಡಿ. ಒಳಗೆ ಬಿದ್ದ ಲೋಹದ ಚೂರನ್ನು ವ್ಯಾಕ್ಯೂಮ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ.

ನಟ್ ಎಳೆಯುವ ಟೂಲ್ ಇಲ್ಲದಿದ್ದರೆ ಗಟ್ಟಿ ಉಕ್ಕಿನ ಒಂದು ಬೋಲ್ಟ್ ಸಾಕು. ಅದಕ್ಕೆ ಮೊದಲು ಒಂದು ಮಾಮೂಲಿ ನಟ್, ಆಮೇಲೆ ಗ್ರೀಸ್ ಸವರಿದ ಎರಡು ವಾಷರ್ ಹಾಕಿ ರಿವೆಟ್ ನಟ್ಟಿಗೆ ತಿರುಗಿಸಿ. ಒಂದು ಸ್ಪ್ಯಾನರ್‌ನಲ್ಲಿ ಬೋಲ್ಟಿನ ತಲೆಯನ್ನು ಅಲುಗದಂತೆ ಹಿಡಿದು, ಇನ್ನೊಂದರಲ್ಲಿ ಆ ಮಾಮೂಲಿ ನಟ್ಟನ್ನು ವಾಷರಿನ ಕಡೆಗೆ ತಿರುಗಿಸಿ. ಮೊದಲು ಸ್ವಲ್ಪ ಬಿಗಿ, ನಂತರ ಮಡಚುವಾಗ ಮೆತ್ತಗೆ, ಆಮೇಲೆ ಒಮ್ಮೆಲೇ ಗಟ್ಟಿ. ಆ ಗಟ್ಟಿ ಬಂದ ಕೂಡಲೇ ನಿಲ್ಲಿಸಿ, ಇನ್ನೂ ಎಳೆದರೆ ಥ್ರೆಡ್ ಕಿತ್ತು ಹೋಗುತ್ತದೆ. ಅಷ್ಟೇ ದಪ್ಪದ ಹಳೇ ತಗಡಿನ ಮೇಲೆ ಎರಡು ಮೂರು ನಟ್ ಹಾಳು ಮಾಡಿ ಕಲಿತರೆ ಈ ಬದಲಾವಣೆ ಕೈಗೆ ತಿಳಿಯುತ್ತದೆ.

ಕನ್ನಡಿ ಕೂರಿಸುವಾಗ ತಳಕ್ಕೆ ರಬ್ಬರ್ ಗ್ಯಾಸ್ಕೆಟ್ ಇಡಿ, ಬೋಲ್ಟಿಗೆ ಬಿಚ್ಚಲು ಬರುವಂಥ ಮಧ್ಯಮ ಥ್ರೆಡ್ ಲಾಕ್ (ಥ್ರೆಡ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು. ಓಡಿಸುವಾಗ ಬೋಲ್ಟ್ ಬಿಗಿಯಾಗಿದ್ದೂ ಕನ್ನಡಿ ನಡುಗಿದರೆ ತಳವನ್ನು ಬೆರಳಲ್ಲಿ ಒತ್ತಿ ನೋಡಿ. ಸುತ್ತಲಿನ ತಗಡೂ ಜೊತೆಗೆ ಅಲುಗಿದರೆ ತಪ್ಪು ನಟ್ಟಿನದಲ್ಲ. ಕನ್ನಡಿಯ ಭಾರವನ್ನು ಆ ತೆಳು ತಗಡೊಂದೇ ಹೊತ್ತಿದೆ, ಹಿಂದೆ ಒಂದು ಪಟ್ಟಿ ಕೊಡಬೇಕು.