ರಾತ್ರಿ ನಾಟಕಕ್ಕೆ ಯಾವ ರೋಲ್, ಯಾವ ಲೆನ್ಸ್?

ತುಮಕೂರು ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ರಾತ್ರಿ ಶುರುವಾದರೆ ಬೆಳಗಿನ ಜಾವದವರೆಗೂ ನಡೆಯುತ್ತದೆ. ಅದರ ಫೋಟೊಗಳನ್ನು ಫಿಲ್ಮ್ ರೋಲ್‌ನಲ್ಲೇ ತೆಗೆಯಬೇಕೆಂಬ ಹುಡುಗರು ನನ್ನ ಹತ್ತಿರ ಬಂದು, ‘ಸಾರ್, 3200ರ ರೋಲ್ ತಗೊಳ್ಳಲಾ?’ ಅಂತಾರೆ. ಈ ಅಂಕಿ ಫಿಲ್ಮ್‌ನ ವೇಗ, ಹೆಚ್ಚಾದಷ್ಟೂ ಕಮ್ಮಿ ಬೆಳಕು ಸಾಕು. ಬೇಡ. ಆ ದುಡ್ಡನ್ನು ಲೆನ್ಸ್‌ಗೆ ಹಾಕಿ.

ಮಾಮೂಲಿ ಜೂಮ್ ಲೆನ್ಸ್ ಪೂರ್ತಿ ತೆರೆದರೂ ಎಫ್/3.5 (ಈ ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ). ಹಳೆಯ 50 ಎಂಎಂ ಎಫ್/1.8 ಅದರ ಸುಮಾರು ನಾಲ್ಕು ಪಟ್ಟು ಬೆಳಕು ಬಿಡುತ್ತದೆ. ಒಂದು ಸಲ ಕೊಂಡರೆ ಮುಗಿಯಿತು, ರೋಲ್‌ಗಾದರೆ ಪ್ರತಿ ಸಲವೂ ಖರ್ಚು. ಆದರೆ ಪೂರ್ತಿ ತೆರೆದಾಗ, 3 ಮೀಟರ್ ದೂರದಲ್ಲಿ ಫೋಕಸ್ ಸಿಗುವುದು ಸುಮಾರು 40 ಸೆಂಟಿಮೀಟರ್ ಆಳಕ್ಕೆ ಮಾತ್ರ. ಭೀಮನ ಕಣ್ಣಿಗೆ ಫೋಕಸ್ ಮಾಡಿದರೆ ಮುಂದೆ ಚಾಚಿದ ಗದೆ ಮಸುಕಾಗುತ್ತದೆ. ಆಗಲಿ ಬಿಡಿ, ಕಣ್ಣು ಮುಖ್ಯ.

ರೋಲ್ ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಅಥವಾ ಕೊಡಾಕ್ ಟ್ರೈ-ಎಕ್ಸ್ ಆದರೆ ಸಾಕು. ಎರಡೂ 400ರವು. ಬೆಳಕು ಅಳೆಯುವ ಮೀಟರನ್ನು 1600ಕ್ಕೆ ಇಟ್ಟು ತೆಗೆಯಿರಿ, ರೋಲ್ ತೊಳೆಯುವಾಗ (ಡೆವಲಪ್ ಮಾಡುವಾಗ) ಹೊತ್ತು ಜಾಸ್ತಿ ಕೊಡಿ. ನೀರು ಬೆರೆಸದ ಐಡಿ-11 ಡೆವಲಪರ್‌ನಲ್ಲಿ, 20 ಡಿಗ್ರಿಗೆ, ಎಚ್‌ಪಿ5ಗೆ 7.5 ನಿಮಿಷ ಇದ್ದದ್ದು 14 ಆಗುತ್ತದೆ. ನಮ್ಮ ಬೇಸಿಗೆಯಲ್ಲಿ ನಲ್ಲಿ ನೀರು ಅಷ್ಟು ತಣ್ಣಗೆ ಎಲ್ಲಿ ಬರುತ್ತೆ? ಡೆವಲಪರ್ ಬಾಟಲಿಯನ್ನು ಐಸ್ ಹಾಕಿದ ಬಕೆಟ್‌ನಲ್ಲಿಟ್ಟು ತಣಿಸಿ. ಇನ್ನು ಇಲ್‌ಫರ್ಡ್‌ನ ಡೆಲ್ಟಾ 3200 ರೋಲ್ ಕೂಡ ಹೆಸರಿಗಷ್ಟೇ 3200, ಅದರ ನಿಜವಾದ ವೇಗ ಸಾವಿರದ ಆಸುಪಾಸು.

ಒಂದು ಮಾತು. ಹೊತ್ತು ಎಷ್ಟೇ ಹೆಚ್ಚಿಸಿದರೂ ಫಿಲ್ಮ್‌ಗೆ ಬೀಳದ ಬೆಳಕು ಬರುವುದಿಲ್ಲ. ನೆರಳು ಕಪ್ಪಾಗೇ ಉಳಿಯುತ್ತದೆ, ಬೆಳಕಿದ್ದ ಕಡೆ ಇನ್ನಷ್ಟು ಬೆಳ್ಳಗಾಗುತ್ತದೆ. ಹಾಗಾಗಿ ಮುಖದ ಬೆಳಕನ್ನು ಸರಿಯಾಗಿ ಅಳೆಯಲೇಬೇಕು. ಹಿಂದಿನ ಕಪ್ಪು ಪರದೆ ನೋಡಿ ಮೀಟರ್ ಮೋಸ ಹೋಗುತ್ತದೆ, ಮುಖ ಬಿಳುಚಿಕೊಳ್ಳುತ್ತದೆ. ಹೊಳೆಯುವ ಕಿರೀಟ ಎದುರಿಗಿದ್ದರೆ ಇದೇ ಉಲ್ಟಾ. ಲೈಟ್ ಚೆಕ್ ಮಾಡುವಾಗ ಸ್ಟೇಜ್ ಹತ್ತಿ, ಅದೇ ಬೆಳಕಲ್ಲಿ ನಿಮ್ಮ ಅಂಗೈ ಅಳೆದು, ಒಂದು ಸ್ಟಾಪ್ (ಅಂದರೆ ಎರಡು ಪಟ್ಟು ಬೆಳಕು) ಜಾಸ್ತಿ ಕೊಡಿ.

ಕಲರ್ ಬೇಕೇ ಬೇಕು ಅನ್ನುವವರು ಸಿನಿಸ್ಟಿಲ್ 800ಟಿ ಕೇಳುತ್ತಾರೆ. ಸೀರಿಯಲ್ ಬಲ್ಬ್‌ಗಳ ಸುತ್ತ ಅದರಲ್ಲಿ ಕೆಂಪು ಪ್ರಭೆ ಬರುತ್ತದೆ. ಕೆಂಪು, ನೀಲಿ ಎಲ್‌ಇಡಿ ಲೈಟಿನ ಸ್ಟೇಜಿಗೆ ನನ್ನ ಓಟು ಕಪ್ಪು-ಬಿಳುಪಿಗೇ.

ಫ್ಲ್ಯಾಶ್ ಮಾತ್ರ ದಯವಿಟ್ಟು ಬೇಡ, ಪಾತ್ರಧಾರಿಯ ಕಣ್ಣು ಕತ್ತಲೆಗಟ್ಟುತ್ತದೆ. ಮೈಕ್ ಬಾಯಿಗೆ ಅಡ್ಡ ಬರುವುದರಿಂದ ಸ್ವಲ್ಪ ಪಕ್ಕಕ್ಕೆ ಕೂತುಕೊಳ್ಳಿ. ಗದಾಯುದ್ಧದಲ್ಲಿ 1/125 ಸೆಕೆಂಡಿನ ಶಟರ್ ವೇಗ ಕೂಡ ಸಾಲದು. ದುರ್ಯೋಧನ ಕಂದಪದ್ಯದ ಕೊನೆಗೆ ಆಲಾಪ ಎಳೆಯುವಾಗ ಮೈ ಅಲುಗಾಡುವುದು ಕಮ್ಮಿ, 1/60 ಸಾಕು. ಯಾವ ಪದ್ಯವನ್ನು ಉದ್ದಕ್ಕೆ ಎಳೆಯುತ್ತಾರೆ ಅಂತ ಹಾರ್ಮೋನಿಯಂ ಮೇಷ್ಟ್ರನ್ನು ಮೊದಲೇ ಕೇಳಿಟ್ಟುಕೊಳ್ಳಿ.