ದೆಕ್ಲಮಾತಿಯೊ: ಮಾತಿಗೆ ಬಣ್ಣ ಕಟ್ಟುವ ರೋಮನ್ ವಿದ್ಯೆ

ಅಣ್ಣತಮ್ಮಂದಿರಿಬ್ಬರಿಗೆ ಮಾತು ಬಿಟ್ಟುಹೋಗಿದೆ. ಒಬ್ಬನಿಗೆ ಮಗನಿದ್ದಾನೆ, ಇನ್ನೊಬ್ಬನಿಗೆ ಹೊಟ್ಟೆಗೇ ಗತಿಯಿಲ್ಲದ ಕಾಲ ಬರುತ್ತದೆ. ಅಪ್ಪ ಬೇಡವೆಂದರೂ ಕೇಳದೆ ಹುಡುಗ ಚಿಕ್ಕಪ್ಪನಿಗೆ ಅನ್ನ ಹಾಕುತ್ತಾನೆ. (ಚಿಕ್ಕಪ್ಪನೋ ದೊಡ್ಡಪ್ಪನೋ ಎಂಬುದನ್ನು ಲ್ಯಾಟಿನ್ ಪದ ಹೇಳುವುದಿಲ್ಲ. ಚಿಕ್ಕಪ್ಪ ಎಂದೇ ಇಟ್ಟುಕೊಳ್ಳೋಣ.) ಸಿಟ್ಟಿಗೆದ್ದ ಅಪ್ಪ ಅವನಿಗೆ ಆಸ್ತಿಯ ಹಕ್ಕು ತಪ್ಪಿಸಿ ಮನೆಯಿಂದ ಹೊರಹಾಕುತ್ತಾನೆ. ಚಿಕ್ಕಪ್ಪ ಅವನನ್ನು ದತ್ತು ತೆಗೆದುಕೊಳ್ಳುತ್ತಾನೆ. ಮುಂದೆ ಚಿಕ್ಕಪ್ಪನಿಗೆ ಯಾರದೋ ಆಸ್ತಿ ಬಂದು ಸಿರಿವಂತನಾಗುತ್ತಾನೆ, ಅಪ್ಪ ಬಡವನಾಗುತ್ತಾನೆ. ಹುಡುಗ ಈಗ ಅಪ್ಪನಿಗೆ ಅನ್ನ ಹಾಕುತ್ತಾನೆ. ಚಿಕ್ಕಪ್ಪನೂ ಅವನನ್ನು ಹೊರಹಾಕುತ್ತಾನೆ. ಮಕ್ಕಳು ಹೆತ್ತವರನ್ನು ಸಾಕಬೇಕು, ಇಲ್ಲವಾದರೆ ಸೆರೆವಾಸ ಎಂಬುದು ಕಾನೂನು.

ಹುಡುಗನ ಪರವಾಗಿ ಮಾತನಾಡು ಎಂದು ಮೇಷ್ಟರು ಹೇಳುತ್ತಾರೆ. ಆ ಮಾತು ಮುಗಿದ ಮೇಲೆ, ಈಗ ಚಿಕ್ಕಪ್ಪನ ಪರವಾಗಿ ಮಾತನಾಡು ಎನ್ನುತ್ತಾರೆ.

ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ಭಾಷಣಕಲೆಯ ಶಾಲೆಗಳಲ್ಲಿ ನಡೆಯುತ್ತಿದ್ದ ಈ ಅಭ್ಯಾಸದ ಹೆಸರು ದೆಕ್ಲಮಾತಿಯೊ. ಪದದ ಬೇರು ‘ಕೂಗು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಲ್ಲಿದೆ. ಮೊದಲಿಗೆ ಅದು ಕಂಠ ಪಳಗಿಸಲು ಗಟ್ಟಿಯಾಗಿ ಮಾತನಾಡುವ ಸಾಧನೆಯಷ್ಟೇ ಆಗಿತ್ತು. ಬರಬರುತ್ತಾ ಅರ್ಥ ಬೆಳೆಯಿತು: ಕಲ್ಪಿತ ಸಂದರ್ಭವೊಂದನ್ನು ಇಟ್ಟುಕೊಂಡು, ಅದರೊಳಗಿನ ಯಾರದೋ ಪರವಾಗಿಯೋ ಅವರೇ ಆಗಿಯೋ ಮಾಡುವ ಪೂರ್ಣ ಭಾಷಣ. ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿದ ಹಿರಿಯ ಸೆನೆಕಾ, ಎಂದರೆ ತತ್ತ್ವಜ್ಞಾನಿ ಸೆನೆಕಾನ ತಂದೆ, ಇದು ನಾನು ಹುಟ್ಟಿದ ಮೇಲೆ ಹುಟ್ಟಿದ್ದು, ಹಾಗಾಗಿ ಇದನ್ನು ತೊಟ್ಟಿಲಿನಿಂದಲೇ ಬಲ್ಲೆ ಎನ್ನುತ್ತಾನೆ. ನಮಗೆ ಈ ಲೋಕ ತಿಳಿದಿರುವುದು ಬಹುಮಟ್ಟಿಗೆ ಅವನಿಂದಲೇ. ಮುಪ್ಪಿನಲ್ಲಿ ತನ್ನ ಮಕ್ಕಳಿಗಾಗಿ, ತಾನು ಎಂದೋ ಕೇಳಿದ್ದ ಭಾಷಣಗಳ ತುಣುಕುಗಳನ್ನು ನೆನಪಿನಿಂದ ಹೆಕ್ಕಿ ಬರೆದಿಟ್ಟ. ಹರೆಯದಲ್ಲಿ ಎರಡು ಸಾವಿರ ಹೆಸರುಗಳನ್ನು ಒಮ್ಮೆ ಕೇಳಿ ಅದೇ ಸಾಲಿನಲ್ಲಿ ತಿರುಗಿ ಹೇಳುತ್ತಿದ್ದೆ ಎಂದು ಹೇಳಿಕೊಂಡವನು ಅವನು.

ದೆಕ್ಲಮಾತಿಯೊದಲ್ಲಿ ಎರಡು ಬಗೆ. ಎಳೆಯರಿಗೆ ಸುವಾಸೋರಿಯ, ಅಂದರೆ ಕವಲುದಾರಿಯಲ್ಲಿ ನಿಂತ ಐತಿಹಾಸಿಕ ಅಥವಾ ಪೌರಾಣಿಕ ವ್ಯಕ್ತಿಗೆ ಬುದ್ಧಿ ಹೇಳುವುದು. ಅಲೆಕ್ಸಾಂಡರ್ ಮಹಾಸಾಗರಕ್ಕೆ ಹಡಗು ಇಳಿಸಬೇಕೆ? ಟ್ರಾಯ್ ಯುದ್ಧಕ್ಕೆ ಹೊರಟ ಗ್ರೀಕರ ದೊರೆ ಅಗಮೆಮ್ನಾನ್ ಮಗಳನ್ನು ಬಲಿ ಕೊಡಬೇಕೆ? ಪರ್ಷಿಯನ್ ಸೇನೆಗೆ ಎದುರಾಗಿ ಥರ್ಮೋಪಿಲೆ ಕಣಿವೆಯಲ್ಲಿ ಉಳಿದ ಮುನ್ನೂರು ಸ್ಪಾರ್ಟನ್ನರು ಓಡಬೇಕೆ, ನಿಲ್ಲಬೇಕೆ? ಪಳಗಿದವರಿಗೆ ಕೊಂತ್ರೊವೆರ್ಸಿಯ: ಮೇಲೆ ಹೇಳಿದ ಅಪ್ಪ-ಚಿಕ್ಕಪ್ಪನ ಕತೆಯಂತಹ ಕಲ್ಪಿತ ಮೊಕದ್ದಮೆ. ಇಲ್ಲಿನ ಕಾನೂನುಗಳು ಎಷ್ಟೋ ಸಲ ಶಾಲೆಯ ಕಾನೂನುಗಳೇ ಹೊರತು ರೋಮಿನವಲ್ಲ. ಕವಿ ಓವಿಡ್ ಈ ಶಾಲೆಗಳಲ್ಲಿ ಕಲಿತವನು. ಅವನಿಗೆ ಸುವಾಸೋರಿಯವೇ ಹಿತವಾಗಿತ್ತು, ವಾದ ಹೂಡುವುದೆಂದರೆ ಬೇಸರ ಎಂದು ಸೆನೆಕಾ ನೆನೆಯುತ್ತಾನೆ.

ಕೇಳುಗರು ಭಾಷಣದಲ್ಲಿ ಮೂರನ್ನು ತೂಗುತ್ತಿದ್ದರು. ಒಂದು, ಚುರುಕಾದ ಸೂಕ್ತಿಗಳು. ಚಪ್ಪಾಳೆ ಬೀಳುತ್ತಿದ್ದುದು ಇವಕ್ಕೆ. ಎರಡು, ಪ್ರಶ್ನೆಯ ವಿಂಗಡಣೆ. ಚಿಕ್ಕಪ್ಪನಿಗೆ ಹುಡುಗನನ್ನು ಹೊರಹಾಕುವ ಅಧಿಕಾರ ಇದೆಯೇ ಎಂಬುದು ಬೇರೆ, ಹೊರಹಾಕುವುದು ತಕ್ಕುದೇ ಎಂಬುದು ಬೇರೆ. ಕಾನೂನು ಒಂದು ಕಡೆ, ನ್ಯಾಯ ಇನ್ನೊಂದು ಕಡೆ. ಮೂರನೆಯದು ಕೊಲೊರ್.

ಕೊಲೊರ್ ಎಂದರೆ ಬಣ್ಣ. ಇತರ ಭಾಷೆಗಳಲ್ಲಿ ಈ ಪಾರಿಭಾಷಿಕ ಪದಕ್ಕೆ ಟಿಪ್ಪಣಿ ಬರೆಯಲು ಹೆಣಗುವುದನ್ನು ನೋಡಿದ್ದೇನೆ. ಕನ್ನಡದಲ್ಲಿ ಆ ಕಷ್ಟವಿಲ್ಲ, ನಾವು ‘ಬಣ್ಣ ಕಟ್ಟಿ ಹೇಳು’ ಎನ್ನುತ್ತೇವೆ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ನಮ್ಮ ಮಾತಿನಲ್ಲಿ ಉತ್ಪ್ರೇಕ್ಷೆಯ ಕಡೆಗೆ ವಾಲು ಇದೆ. ರೋಮಿನ ಬಣ್ಣ ನಡೆದ ಸಂಗತಿಯನ್ನು ಹಿಗ್ಗಿಸುವುದಿಲ್ಲ, ಮುಟ್ಟುವುದೂ ಇಲ್ಲ. ಹುಡುಗ ಅಪ್ಪನಿಗೆ ಅನ್ನ ಹಾಕಿದ್ದು ನಿಜ, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಏಕೆ ಹಾಕಿದ? ಕಾನೂನಿಗೆ ಹೆದರಿಯೇ? ಹಸಿದ ಮುಖ ಕಂಡೊಡನೆ ಕೈ ತಾನಾಗಿ ಮುಂದಾಯಿತೇ? ಅಥವಾ, ಚಿಕ್ಕಪ್ಪಾ, ಅಂದು ನಿನಗೆ ಹಾಕಿದ ಕೈಯೇ ಇದು, ಅಂದು ಮೆಚ್ಚಿದ್ದನ್ನು ಇಂದು ಹೇಗೆ ಶಿಕ್ಷಿಸುತ್ತೀ ಎನ್ನಬೇಕೇ? ಘಟನೆ ಒಂದೇ, ಮನಸ್ಸಿನ ಒಳಗು ಮೂರು. ಆ ಒಳಗನ್ನು ಕಂಡುಹಿಡಿಯುವುದೇ ಬಣ್ಣ. ತಾಳಮದ್ದಳೆಯಲ್ಲಿ ಗೊತ್ತಿರುವ ಪ್ರಸಂಗಕ್ಕೆ ಒಳ್ಳೆಯ ಅರ್ಥಧಾರಿ ಕರ್ಣನ ಅಥವಾ ವಾಲಿಯ ಬಾಯಿಂದ ಗೊತ್ತಿಲ್ಲದ ಕಾರಣವೊಂದನ್ನು ಹೊರಡಿಸಿದಾಗ ಸಭೆ ತಲೆದೂಗುತ್ತದಲ್ಲ, ಆ ಸುಖವನ್ನು ಬಲ್ಲವರಿಗೆ ಕೊಲೊರ್ ಪದವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎರಡಕ್ಕೂ ನಂಟಿದೆ ಎಂದು ನಾನು ಹೇಳುತ್ತಿಲ್ಲ. ಒಂದನ್ನು ಅನುಭವಿಸಿದವರಿಗೆ ಇನ್ನೊಂದು ಬೇಗ ತಿಳಿಯುತ್ತದೆ.

ಇದನ್ನೆಲ್ಲ ಮಕ್ಕಳಾಟ ಎನ್ನುವವರಿಗೆ ಸೆನೆಕಾ ಬರೆದಿಟ್ಟ ಕೊನೆಯ ಎರಡು ಸುವಾಸೋರಿಯಗಳನ್ನು ತೋರಿಸಬೇಕೆನಿಸುತ್ತದೆ. ಕ್ರಿ.ಪೂ. 43ರ ಡಿಸೆಂಬರ್ 7ರಂದು ರೋಮಿನ ದಂಡನಾಯಕ ಆಂಟನಿಯ ಕಡೆಯವರು ಮಹಾ ವಾಗ್ಮಿ ಸಿಸೆರೊನನ್ನು ಕೊಂದರು. ಕೊಲ್ಲಬೇಕಾದವರ ಪಟ್ಟಿಯನ್ನು ಆಂಟನಿಯೊಂದಿಗೆ ಸೇರಿ ಹೊರಡಿಸಿದವರಲ್ಲಿ, ಮುಂದೆ ಆಗಸ್ಟಸ್ ಚಕ್ರವರ್ತಿಯಾದ ಯುವಕನೂ ಇದ್ದ. ಅದೇ ಆಗಸ್ಟಸನ ಆಳ್ವಿಕೆಯಲ್ಲಿ ಶಾಲೆಗಳು ಕೇಳಿದ ಪ್ರಶ್ನೆ: ಸಿಸೆರೊ ಆಂಟನಿಯಲ್ಲಿ ಪ್ರಾಣಭಿಕ್ಷೆ ಬೇಡಬೇಕೆ? ಇನ್ನೊಂದು: ನಿನ್ನ ಬರಹಗಳನ್ನು ಸುಟ್ಟರೆ ಜೀವ ಉಳಿಸುತ್ತೇನೆ ಎಂದು ಆಂಟನಿ ಹೇಳಿದರೆ, ಸಿಸೆರೊ ಸುಡಬೇಕೆ? ಈ ಎರಡನೆಯದರಲ್ಲಿ ‘ಸುಡು’ ಎಂದು ವಾದಿಸಿದ ಒಬ್ಬನನ್ನೂ ನಾನು ಕಾಣೆ, ಎಲ್ಲರೂ ಸಿಸೆರೊನ ಪುಸ್ತಕಗಳಿಗಾಗಿ ಮರುಗಿದರು, ಅವನಿಗಾಗಿ ಯಾರೂ ಮರುಗಲಿಲ್ಲ ಎನ್ನುತ್ತಾನೆ ಸೆನೆಕಾ. ಬೀದಿಯಲ್ಲಿ ಆಡಲಾಗದ್ದನ್ನು ಅಭ್ಯಾಸದ ನೆಪದಲ್ಲಿ ಶಾಲೆಯೊಳಗೆ ಆಡಿದರು ಎಂದೇ ನನಗೆ ತೋರುತ್ತದೆ.

ಸಿಸೆರೊ ಸ್ವತಃ ಈ ಅಭ್ಯಾಸವನ್ನು ಬಿಟ್ಟವನಲ್ಲ. ಪ್ರೀಟರ್ ಎಂಬ ನ್ಯಾಯಾಧಿಕಾರಿಯ ಪದವಿಗೇರುವವರೆಗೂ, ಅಂದರೆ ನಲವತ್ತರ ವಯಸ್ಸಿನವರೆಗೆ, ಗ್ರೀಕಿನಲ್ಲಿ ದೆಕ್ಲಮಾತಿಯೊ ಮಾಡುತ್ತಿದ್ದ; ವಯಸ್ಸಾದ ಮೇಲೂ ಲ್ಯಾಟಿನ್ನಿನಲ್ಲಿ ಮುಂದುವರಿಸಿದ. ಕ್ರಿ.ಪೂ. 46ರ ಪತ್ರವೊಂದರಲ್ಲಿ, ಸೀಸರನ ಕಡೆಯ ಮುಂದಾಳುಗಳಾದ ಹಿರ್ಟಿಯಸ್ ಮತ್ತು ಡೊಲಬೆಲ್ಲಾ ಮಾತಿನಲ್ಲಿ ನನಗೆ ಶಿಷ್ಯರು, ಊಟದಲ್ಲಿ ಗುರುಗಳು ಎಂದು ನಗುತ್ತಾನೆ.

ಅಂದವರೂ ಅನ್ನಿಸಿಕೊಂಡವರೂ ಬೇಕಾದಷ್ಟು. ಕ್ರಿ.ಪೂ. 92ರಲ್ಲಿ ಲ್ಯಾಟಿನ್ ಭಾಷಣಕಲೆಯ ಶಾಲೆಗಳು ನಮಗೆ ಒಪ್ಪಿಗೆಯಿಲ್ಲ ಎಂದು, ಜನಗಣತಿಯನ್ನೂ ಜನರ ನಡತೆಯನ್ನೂ ನೋಡಿಕೊಳ್ಳುತ್ತಿದ್ದ ರೋಮಿನ ಸೆನ್ಸರ್‌ಗಳು ಪ್ರಕಟಣೆ ಹೊರಡಿಸಿದ್ದರು, ಕ್ರಿ.ಶ. 70ರ ದಶಕದ ಹೊತ್ತಿಗೆ ವೆಸ್ಪೇಷಿಯನ್ ಚಕ್ರವರ್ತಿ ಅದೇ ಕಲೆಯ ಗುರುಗಳಿಗೆ ಬೊಕ್ಕಸದಿಂದ ವರ್ಷಕ್ಕೆ 1,00,000 ಸೆಸ್ಟರ್ಸ್ ಸಂಬಳ ಗೊತ್ತುಮಾಡಿದ. ಅದನ್ನು ಪಡೆದ ಕ್ವಿಂಟಿಲಿಯನ್ ಹನ್ನೆರಡು ಸಂಪುಟಗಳ ಗ್ರಂಥ ಬರೆದು, ಕೈಬೆರಳುಗಳ ತನಕ ಪಾಠ ಹೇಳಿದ. ಭಾಷಣದ ಆರಂಭಕ್ಕೆ ನಡುಬೆರಳನ್ನು ಹೆಬ್ಬೆರಳಿಗೆ ತಾಗಿಸಿ ಉಳಿದ ಮೂರನ್ನು ಚಾಚುವುದು ಒಪ್ಪುತ್ತದಂತೆ. ಶಾಲೆಯ ಕಲ್ಪಿತ ಪ್ರಸಂಗಗಳು ನಿಜದ ಮೊಕದ್ದಮೆಗೆ ಹತ್ತಿರವಿರಬೇಕು ಎಂಬುದು ಅವನ ಹಟ. ಇತ್ತ ಕವಿ ಪರ್ಸಿಯಸ್, ಸೀಸರನಿಗೆ ಮಣಿಯದೆ ಸಾಯುವ ಮುತ್ಸದ್ದಿ ಕೇಟೋ ಆಡುವ ದೊಡ್ಡ ಮಾತುಗಳನ್ನು ಕಲಿಯಲು ಮನಸ್ಸಿಲ್ಲದ ದಿನ ಕಣ್ಣಿಗೆ ಎಣ್ಣೆ ಸವರಿಕೊಂಡು ಕಣ್ಣುನೋವೆಂದು ತಪ್ಪಿಸಿಕೊಳ್ಳುತ್ತಿದ್ದುದನ್ನು ಬರೆಯುತ್ತಾನೆ. ಆ ಮಾತುಗಳನ್ನು ಕೇಳಲು ಅವನ ತಂದೆ ಸ್ನೇಹಿತರನ್ನು ಕರೆತಂದು ಬೆವರುತ್ತಾ ಕೂರಬೇಕಿತ್ತು. ಜುವೆನಲ್‌ನಿಗೆ ಮರುಕ ಗುರುಗಳ ಮೇಲೆ: ಅದದೇ ಭಾಷಣವನ್ನು ಪ್ರತಿ ಹುಡುಗನ ಬಾಯಲ್ಲೂ ಕೇಳಬೇಕಾದ ಅವರನ್ನು ಮತ್ತೆಮತ್ತೆ ಬಿಸಿ ಮಾಡಿದ ಕೋಸುಪಲ್ಯವೇ ಕೊಲ್ಲುತ್ತದೆ.

ಮುಖ್ಯ ಆಕ್ಷೇಪವೆಂದರೆ ಶಾಲೆಗೂ ನ್ಯಾಯಾಲಯಕ್ಕೂ ನಡುವಿನ ಕಂದಕ. ಅದರಲ್ಲಿ ಹುರುಳಿದೆ. ಸೆನೆಕಾ ಅತಿಯಾಗಿ ಮೆಚ್ಚಿದ ಗೆಳೆಯ ಲಾಟ್ರೊ ಸ್ಪೇನಿನಲ್ಲಿ ನೆಂಟನೊಬ್ಬನ ಪರವಾಗಿ ನಿಜವಾದ ಮೊಕದ್ದಮೆಗೆ ನಿಂತಾಗ ಮೊದಲ ಮಾತಿನಲ್ಲೇ ವ್ಯಾಕರಣ ತಪ್ಪಿದ. ಬಯಲಿನ ಆಕಾಶದಡಿ ಅವನಿಗೆ ಧೈರ್ಯ ಬರಲಿಲ್ಲ. ವಿಚಾರಣೆಯನ್ನು ಗೋಡೆ, ಸೂರು ಇರುವ ಕಟ್ಟಡದೊಳಕ್ಕೆ ಸಾಗಿಸಬೇಕಾಯಿತು.

ಅಲ್ಬೂಸಿಯಸ್ ಸಿಲಸ್‌ನ ಕತೆ ಇನ್ನೂ ನೋವಿನದು. ಉತ್ತರ ಇಟಲಿಯ ನೊವಾರಾದವನು, ಶಾಲೆಯ ಭಾಷಣಗಳಲ್ಲಿ ದೊಡ್ಡ ಹೆಸರು. ಒಂದು ಮೊಕದ್ದಮೆಯಲ್ಲಿ ಎದುರಾಳಿಯನ್ನು ಚುಚ್ಚಲು, ಪ್ರಮಾಣದಿಂದ ತೀರಿಸೋಣವೇ, ಸಂಸ್ಕಾರ ಕಾಣದ ನಿನ್ನ ತಂದೆಯ ಬೂದಿಯ ಮೇಲೆ ಆಣೆ ಇಡು ಎಂದು ಅಲಂಕಾರದ ಮಾತೊಂದನ್ನು ಎಸೆದ. ಎದುರು ವಕೀಲ ಅರುಂಟಿಯಸ್ ಎದ್ದು, ಒಪ್ಪಿದೆವು, ನಮ್ಮ ಕಕ್ಷಿದಾರ ಆಣೆ ಇಡುತ್ತಾನೆ ಎಂದ. ನಾನು ಷರತ್ತು ಹಾಕಲಿಲ್ಲ, ಅದು ಅಲಂಕಾರ ಎಂದು ಅಲ್ಬೂಸಿಯಸ್ ಕೂಗಿಕೊಂಡ. ಹೀಗಾದರೆ ಜಗತ್ತಿನಿಂದ ಅಲಂಕಾರಗಳೇ ಹೋಗಿಬಿಡುತ್ತವೆ ಎಂದ. ಹೋಗಲಿ, ಅವಿಲ್ಲದೆಯೂ ಬದುಕಬಹುದು ಎಂದ ಅರುಂಟಿಯಸ್. ಮೊಕದ್ದಮೆ ಸೋತಿತು, ಅಲ್ಬೂಸಿಯಸ್ ನ್ಯಾಯಾಲಯಕ್ಕೆ ಬೆನ್ನು ತಿರುಗಿಸಿದ.

ಮುಪ್ಪಿನಲ್ಲಿ ಮೈಯಲ್ಲಿ ಗಡ್ಡೆಯೆದ್ದು ನರಳುತ್ತಾ ಅವನು ನೊವಾರಾಕ್ಕೆ ಮರಳಿದ. ಊರ ಜನರನ್ನು ಕರೆಸಿ, ತಾನು ಸಾಯಲು ನಿಶ್ಚಯಿಸಿದ ಕಾರಣಗಳನ್ನು ಸಭೆಯಲ್ಲಿ ಭಾಷಣ ಮಾಡುವವನಂತೆ ಬಹಳ ಹೊತ್ತು ವಿವರಿಸಿದ. ಆಮೇಲೆ ಅನ್ನ ಬಿಟ್ಟ.